ಫ್ರೆಂಚ್ ಲೀವ್ ಹಾಕಿದ ಗೈಡು

ಯಾರಪ್ಪ ಅದು, ವಾಟ್ಸಾಪ್ ಗುಂಪಿನಲ್ಲಿ "ಮೇಷ್ಟ್ರಿಗೆ ಅರಳುಮರಳು, ಒಂದ್ಸಲ ಭಾನುವಾರ ಅಂತಾರೆ, ಒಂದ್ಸಲ ಸೋಮವಾರ ಅಂತಾರೆ" ಎಂದು ಹಾಕಿದ್ದು? ಹೆಸರು ಹೇಳುವುದಿಲ್ಲ, ನಿಮ್ಮ ಮನೆಯವರೂ ಕೇಳುತ್ತಿರುತ್ತಾರೆ. ಭಾನುವಾರ ಸಂಜೆ ಗಂಡಹೆಂಡಿರ ಜಗಳವಾಯಿತು. ಸೋಮವಾರ ಬೆಳಗಿನ ಹೊತ್ತಿಗೆ ಗಂಡ ಮನೆಯಲ್ಲಿರಲಿಲ್ಲ. ಹಿಂದಿನ ಕಂತಿನಲ್ಲಿ ಎರಡನ್ನೂ ಹೇಳಿದ್ದೇನೆ. ನೀವು ಅರ್ಧ ಕೇಳಿ ಒಲೆಯ ಮೇಲಿನ ದೋಸೆ ಮಗುಚಲು ಎದ್ದುಹೋದರೆ ಅದಕ್ಕೆ ನಾನು ಹೊಣೆಯೇ? ಊಟ ಮಾಡಿದೆನೋ ಇಲ್ಲವೋ ಎನ್ನುವುದನ್ನು ಬೇಕಾದರೆ ಮರೆಯುತ್ತೇನೆ. ಯಾರು ಯಾವ ಮಾತನ್ನು ಹೇಗೆ ಆಡಿದರು ಎನ್ನುವುದನ್ನು ಮಾತ್ರ ಮರೆಯುವುದಿಲ್ಲ. ಅರಸೀಕೆರೆಯ ಹೈಸ್ಕೂಲು ಹುಡುಗರ ಇಂಗ್ಲಿಷ್ ಕೇಳಿ ಕೇಳಿ ಪಳಗಿದ ಕಿವಿ ಇದು.

ಸರಿ. ಹಳೇಬೀಡಿನ ಗೈಡ್ ಇಂದುಧರ ಕಾಣೆಯಾಗಿದ್ದಾನೆ, ಫೋನೂ ಹತ್ತುತ್ತಿಲ್ಲ, ಅವನು ಸುತ್ತಾಡಿಸುತ್ತಿದ್ದ ಫ್ರೆಂಚ್ ಹೆಂಗಸು ಮದಾಮ್ ಕ್ಲೇರ್ ಕೂಡ ಅದೇ ದಿನ ಬೇಲೂರಿನ ಲಾಡ್ಜು ಖಾಲಿ ಮಾಡಿದ್ದಾಳೆ. ಈಗ ನಾವಿರುವುದು ಆ ಲಾಡ್ಜಿನ ಬಾಗಿಲಲ್ಲಿ.

"ಕಾರು ಹತ್ತವ್ವ ಸ್ವಾತಿ. ಇನ್ನೇನೈತೆ ಇಲ್ಲಿ ಕೇಳೋಕೆ?"

ಕಲ್ಲೇಶಪ್ಪನವರು. ಇಂದುಧರನ ಮಾವ, ಅರಸೀಕೆರೆಯ ಕೊಬ್ಬರಿ ವರ್ತಕರು. ಮಂಡಿಯಲ್ಲಿ ಹರಾಜು ಕೂಗಿ ಕೂಗಿ ದೊಡ್ಡದಾದ ಗಂಟಲು ಅವರದು. ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನೂ ತಿರುಗಿ ನೋಡಿದ.

ಮಗಳು ಸ್ವಾತಿ ರಿಸೆಪ್ಷನ್ನಿನ ಬೆಂಚು ಬಿಟ್ಟು ಏಳಲಿಲ್ಲ.

"ಮೇಷ್ಟ್ರು ಕೇಳಲಿ ಅಪ್ಪಾಜಿ. ಆಮೇಲೆ ಬರ್ತೀನಿ."

"ಕೇಳೋದೇನು? ಊರಿಗೂರೇ ಆಡ್ಕೋತೈತೆ. ಫ್ರೆಂಚ್ ಲೀವು! ಲೀವು ಅಂದ್ರೆ ರಜಾ. ರಜಾ ಹಾಕ್ಕೊಂಡು ಆವಮ್ಮನ ಜೊತೆ ಫ್ರಾನ್ಸಿಗೆ ಪೇರಿ ಕಿತ್ತವ್ನೆ!"

"ಅವರ ಹತ್ರ ಪಾಸ್‌ಪೋರ್ಟೇ ಇಲ್ಲ."

"ಹಂಗಾರೆ ಪಾಂಡಿಚೇರಿಗೆ ಹೋಗವ್ನೆ. ಅಲ್ಲೂ ಫ್ರೆಂಚರೇ ಇದ್ರಂತಲ್ಲ."

"ಟಾರ್ಚು, ಒಂದು ಪೊಟ್ಟಣ ಬನ್ನು, ಮನೇಲಿದ್ದ ದಪ್ಪ ಕಂಬಳಿ ತಗೊಂಡು ಹೋಗಿದಾರೆ. ಪಾಂಡಿಚೇರಿ ಸೆಕೆಗೆ ಕಂಬಳಿ ಯಾಕೆ ಅಪ್ಪಾಜಿ?"

ಆ ಕಂಬಳಿಯನ್ನು ನಾನು ಮನಸ್ಸಿನಲ್ಲಿ ಮಡಿಸಿಟ್ಟುಕೊಂಡೆ. ಪರದೇಶದ ಹೆಂಗಸಿನ ಕೈ ಹಿಡಿದು ಓಡುವ ಗಂಡಸು ಕುರಿ ಕಂಬಳಿ ಹೆಗಲಿಗೆ ಹಾಕಿಕೊಂಡು ಓಡುವುದಿಲ್ಲ.

ಆದರೆ ಬರೀ ಕಂಬಳಿಯ ಮಾತು ಕೇಳಿ ಪೊಲೀಸರು ಹುಡುಕಲು ಹೊರಡುವುದಿಲ್ಲ. ಸಬ್‌ಇನ್‌ಸ್ಪೆಕ್ಟರ್ ಇಂದ್ರೇಶ್ ಹಿಂದಿನ ದಿನವೇ ಹೇಳಿದ್ದ. ಕೆಟ್ಟವನಲ್ಲ, ನೇರ ಮನುಷ್ಯ. "ಮೇಷ್ಟ್ರೇ, ವಯಸ್ಸಿಗೆ ಬಂದ ಗಂಡಸು. 'ನಾವಿಬ್ಬರೂ ಹೋಗ್ತಿದೀವಿ' ಅಂತ ಆ ಮದಾಮ್ ಬಾಯಿಬಿಟ್ಟು ಹೇಳಿದಾಳಂತೆ, ಲಾಡ್ಜಿನ ಹುಡುಗಿ ಕೇಳಿಸ್ಕೊಂಡಿದಾಳೆ. ಆ ಹೇಳಿಕೆ ನಿಂತಿರೋವರೆಗೂ ನಾನೇನಂತ ಹುಡುಕಲಿ? ಅದನ್ನ ಅಲುಗಾಡಿಸಿ ಕೊಡಿ, ಆ ಕ್ಷಣವೇ ಹೊರಡ್ತೀನಿ."

ಅಂದರೆ ಇಷ್ಟೇ. ಆ ಹೇಳಿಕೆ ಬಿದ್ದರೆ ಇಂದುಧರನನ್ನು ಹುಡುಕುತ್ತಾರೆ. ನಿಂತರೆ ಅವನು ಎಲ್ಲಿ ಬಿದ್ದಿದ್ದರೂ ಯಾರೂ ತಿರುಗಿ ನೋಡುವುದಿಲ್ಲ, ಸ್ವಾತಿ ಅಪ್ಪನ ಕಾರು ಹತ್ತಬೇಕಾಗುತ್ತದೆ.

ಆ ಹುಡುಗಿ ಕೌಂಟರಿನ ಹಿಂದೆಯೇ ಇದ್ದಳು. ಹೆಸರು ಮಾಲಿನಿ, ಬಿಕ್ಕೋಡಿನವಳು. ನಾನು ಬಂದಾಗಿನಿಂದ ಕೋಣೆಯ ಬೀಗದ ಕೈಗಳನ್ನು ಮೊಳೆಗೆ ತೂಗುಹಾಕುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ತೂಗುಹಾಕುತ್ತಿದ್ದಳು.

"ಕಲ್ಲೇಶಪ್ಪನವರೇ," ಎಂದೆ, "ಕೊಬ್ಬರಿ ವಿಷಯ ನೀವು ಮಾತಾಡಿ, ನಾನು ಬಾಯಿ ಮುಚ್ಕೊಂಡು ಕೇಳ್ತೀನಿ. ಇಂಗ್ಲಿಷ್ ವಿಷಯ ನನಗೆ ಬಿಡಿ. ಫ್ರೆಂಚ್ ಲೀವ್ ಅಂದ್ರೆ ರಜಾನೂ ಅಲ್ಲ, ಫ್ರಾನ್ಸೂ ಅಲ್ಲ."

"ಮತ್ತಿನ್ನೇನು?"

"ಮದುವೆ ಮನೇಲಿ ಉಂಡು, ಮುಯ್ಯಿ ಮಾಡೋರ ಸಾಲು ಕಂಡ ತಕ್ಷಣ ಹಿಂಬಾಗಿಲಿಂದ ಜಾರ್ಕೊಂಡು ಹೋಗ್ತಾರಲ್ಲ, ಅದು. ಹೇಳದೆ ಕೇಳದೆ ಎದ್ದು ಹೋಗೋದು. ಇಂಗ್ಲಿಷರಿಗೆ ಪಕ್ಕದ ಮನೆ ಫ್ರೆಂಚರ ಮೇಲೆ ಹೊಟ್ಟೆಕಿಚ್ಚು. ತಮ್ಮ ಕೆಟ್ಟ ಚಾಳೀನ ಅವರ ಹೆಸರಿಗೆ ಅಂಟಿಸಿದ್ರು."

"ನಮ್ಮ ಬೀಗರೂ ಹಂಗೇಯ," ಎಂದರು ಕಲ್ಲೇಶಪ್ಪ.

ಸ್ವಾತಿ ನಗಲಿಲ್ಲ. "ಹಾಗಾದ್ರೂ ಅರ್ಥ ಒಂದೇ ಅಲ್ವಾ ಮೇಷ್ಟ್ರೇ? ಹೇಳದೆ ಹೋದ್ರು. ನನಗೆ ಹೇಳದೆ."

ನನ್ನ ಪಾಂಡಿತ್ಯದಿಂದ ಆ ಹುಡುಗಿಗೆ ಗಾಯದ ಮೇಲೆ ಉಪ್ಪು ಬಿತ್ತು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಭಾನುವಾರದ ಹೊತ್ತು ಬೇಲೂರಿನಲ್ಲಿ ಗೈಡುಗಳಿಗೆ, ಲಾಡ್ಜಿನವರಿಗೆ ನಾನು ನುಡಿಗಟ್ಟಿನ ಪಾಠ ಮಾಡುತ್ತೇನೆ. ಇಂಗ್ಲಿಷ್ ಮುಖ್ಯ, ಜೊತೆಗೆ ಅಲ್ಲಿ ಇಲ್ಲಿ ಸಿಗುವ ಲ್ಯಾಟಿನ್, ಫ್ರೆಂಚ್. ಶುರುವಾದದ್ದು ಚನ್ನೇಶ್ ಎಂಬ ಗೈಡಿನಿಂದ. ಬಳಪದ ಕಲ್ಲಿನ ಬೊಂಬೆಯ ಬೆಲೆ ಕೇಳಿದ ಬಿಳಿ ದೊರೆಯೊಬ್ಬ, "ಒಂದು ಕೈ, ಒಂದು ಕಾಲು ಕೇಳ್ತಿದೀಯಲ್ಲೋ" ಎಂದು ಇಂಗ್ಲಿಷಿನಲ್ಲಿ ಅಂದನಂತೆ. ವಿಪರೀತ ದುಬಾರಿ ಎಂದು ಅದರ ಅರ್ಥ. ಚನ್ನೇಶ್ ಬೊಂಬೆಯನ್ನು ತಿರುಗಿಸಿ ತಿರುಗಿಸಿ ತೋರಿಸಿದ್ದಾನೆ: "ನೋ ಸಾರ್, ಕೈ ಕಾಲು ಎಲ್ಲ ಸರಿಯಾಗಿದೆ, ನೋಡಿ ಸಾರ್!" ಅವತ್ತೇ ಕಪ್ಪು ಹಲಗೆ ತರಿಸಿದೆ.

ಇಂದುಧರ, ಮಾಲಿನಿ ಇಬ್ಬರೂ ಆ ಪಾಠಕ್ಕೆ ಬರುತ್ತಿದ್ದವರೇ.

"ಮಾಲಿನಿ, ಬಾಮ್ಮ ಈ ಕಡೆ. ಮದಾಮ್ ಹೇಳಿದ್ದನ್ನ ಹೇಳಿದ ಹಾಗೇ ಹೇಳು. ಕನ್ನಡ ಮಾಡಬೇಡ."

ಅವಳು ಗಂಟಲು ಸರಿಮಾಡಿಕೊಂಡಳು. "ಇಂದುಧರ್ ಅಂಡ್ ಐ ಆರ್ ಟೇಕಿಂಗ್ ಫ್ರೆಂಚ್ ಲೀವ್."

"ಇನ್ನೊಂದು ಸಲ."

ಅದೇ ಮಾತು, ಅದೇ ರಾಗ. ಹಲಗೆಯ ಮೇಲಿದ್ದದ್ದನ್ನು ಓದಿದ ಹಾಗೆ.

ಆಗ ಸ್ವಾತಿ ಬೆಂಚಿನಿಂದ ನಿಧಾನವಾಗಿ ಕೇಳಿದಳು. "ಮೇಷ್ಟ್ರೇ, 'ಇಂಗ್ಲಿಷ್ ವೇ' ಅಂದ್ರೆ ಏನು?"

"ಯಾಕಮ್ಮ?"

"ಆ ಮದಾಮ್ ಒಂದು ಸಲ ನಮ್ಮನೆಗೆ ಊಟಕ್ಕೆ ಬಂದಿದ್ರು. ಅಕ್ಕಿರೊಟ್ಟಿ, ಎಣ್ಣೆಗಾಯಿ ಮಾಡಿದ್ದೆ. ಅಷ್ಟರಲ್ಲಿ ನಮ್ಮತ್ತೆ ಕಡೆ ನೆಂಟರು ಜೀಪು ತುಂಬಾ ಬಂದಿಳಿದ್ರು. ಆ ಗಲಾಟೇಲಿ ಮದಾಮ್ ಯಾವಾಗ ಎದ್ದು ಹೋದ್ರೋ ಗೊತ್ತೇ ಆಗಲಿಲ್ಲ. ಮಾರನೇ ದಿನ ಬಂದು ಕೈ ಹಿಡ್ಕೊಂಡು, 'ಸಾರಿ ಸ್ವಾತಿ, ಐ ಲೆಫ್ಟ್ ಇನ್ ದಿ ಇಂಗ್ಲಿಷ್ ವೇ' ಅಂದ್ರು. ಹೋಗುವಾಗ ಇಂಗ್ಲಿಷಲ್ಲಿ ಏನೋ ಹೇಳಿ ಹೋಗಿದ್ರೇನೋ, ನನಗೆ ಕೇಳಿಸಿಲ್ಲವೇನೋ ಅಂದ್ಕೊಂಡೆ."

ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಮೊಣಕಾಲು ಟಕ್ ಎಂದಿತು.

"ಇನ್ನೊಂದು ಸಲ ಹೇಳು ತಾಯಿ!"

ಹೇಳಿದಳು. ನನಗೆ ಭಾನುವಾರದ ಪಾಠವೊಂದು ಕಣ್ಣ ಮುಂದೆ ಬಂತು. ಅವತ್ತು ಹಲಗೆಯ ಮೇಲೆ ಫ್ರೆಂಚ್ ಲೀವ್ ಬರೆದಿದ್ದೆ. ಇಂದುಧರ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಕ್ಕ. ಏನೋ ಎಂದರೆ, "ಸಾರ್, ಫ್ರೆಂಚರು ಇದನ್ನ ತಿರುಗಿಸಿ ಇಂಗ್ಲಿಷರ ತಲೆಗೇ ಕಟ್ತಾರೆ. 'ಫಿಲೇ ಆ ಲಾಂಗ್ಲೇಜ್' ಅಂತಾರೆ. ಇಂಗ್ಲಿಷರ ಥರ ಜಾರ್ಕೊಳ್ಳೋದು ಅಂತ" ಎಂದ. ಇಡೀ ಕೋಣೆ ನಕ್ಕಿತ್ತು. ಮಾಲಿನಿ ಮಾತ್ರ ಅಷ್ಟರಲ್ಲಿ ಬಿಕ್ಕೋಡಿನ ಬಸ್ಸಿಗೆಂದು ಎದ್ದು ಹೋಗಿದ್ದಳು. ಅವಳಿಗೆ ಸಿಕ್ಕಿದ್ದು ಅರ್ಧ ಪಾಠ.

ಕೌಂಟರಿಗೆ ಕೈಯೂರಿ ನಿಂತೆ.

"ಮಾಲಿನಿ, ಮದಾಮ್ ಆ ಮಾತು ಆಡಿಲ್ಲ."

"ಆಡಿದ್ರು ಸಾರ್. ಇಲ್ಲೇ, ಬ್ಯಾಗ್ ಇಟ್ಕೊಂಡು ನಿಂತು..."

"ಬ್ಯಾಗಿನ ಬಣ್ಣ ಕೇಳಲಿಲ್ಲ ನಾನು. ಆಯಮ್ಮ ಮನಸ್ಸಲ್ಲಿ ಫ್ರೆಂಚ್ ಇಟ್ಕೊಂಡು ಇಂಗ್ಲಿಷ್ ಆಡೋಳು. ಹೇಳದೆ ಹೋಗೋದಕ್ಕೆ ಆಯಮ್ಮನ ಬಾಯಲ್ಲಿ ಬರೋದು 'ಇಂಗ್ಲಿಷ್ ವೇ'. ಸ್ವಾತಿ ಕಿವಿಯಾರೆ ಕೇಳಿದಾಳೆ. ತನ್ನ ಜನದ ಹೆಸರಿಗೆ ತಾನೇ ಮಸಿ ಬಳ್ಕೊಂಡು 'ಫ್ರೆಂಚ್ ಲೀವ್' ಅಂತಾಳಾ? ಅದು ನನ್ನ ಹಲಗೆ ಮೇಲಿದ್ದ ಮಾತು ಕಣೇ. ನನ್ನ ಕೈಬರಹ ನನಗೆ ಗೊತ್ತಾಗಲ್ವಾ?"

ಅವಳ ಕೈಯಲ್ಲಿದ್ದ ಬೀಗದ ಕೈ ಜಾರಿ ನೆಲಕ್ಕೆ ಬಿತ್ತು.

"ಎತ್ತಬೇಡ. ಹೇಳು. ಇಂದುಧರನಿಗೆ ಏನಾಗಿದೆ?"

"ಏನೂ ಆಗಿಲ್ಲ ಸಾರ್! ದೇವ್ರಾಣೆಗೂ ಏನೂ ಆಗಿಲ್ಲ. ಆ ಮಾತು ಹೇಳು ಅಂತ ಇಂದುಧರಣ್ಣಾನೇ ಹೇಳಿಕೊಟ್ಟಿದ್ದು!"

ಸ್ವಾತಿ ಎದ್ದು ನಿಂತಿದ್ದಳು.

ಮಾಲಿನಿ ಅಳುತ್ತಲೇ ಬಿಡಿಸಿ ಹೇಳಿದಳು. ಹಳೇಬೀಡಿನ ಹೊರಗೆ ದ್ಯಾವಮ್ಮ ಎಂಬಾಕೆಯ ರಾಗಿ ಹೊಲದಲ್ಲಿ ನೇಗಿಲಿಗೆ ಒಂದು ಕೆತ್ತನೆಯ ಕಲ್ಲು ಸಿಕ್ಕಿತ್ತು. ಅರ್ಧ ಮಣ್ಣಿನ ಮೇಲೆ, ಅರ್ಧ ಒಳಗೆ. ಇಂದುಧರ ಅದನ್ನು ಮದಾಮ್‌ಗೆ ತೋರಿಸಿದ. ಆಕೆ ಪುರಾತತ್ವ ಇಲಾಖೆಯವರನ್ನು ಕರೆತರಲು ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋದಳು. ಅಷ್ಟರೊಳಗೆ ಯಾರೋ ಆ ಕಲ್ಲನ್ನು ಎಬ್ಬಿಸಿ ಸಾಗಿಸಲು ಹೊಂಚುಹಾಕುತ್ತಿರುವುದು ಇಂದುಧರನಿಗೆ ವಾಸನೆ ಹತ್ತಿತು.

"ಪೊಲೀಸ್‌ಗೆ ಹೇಳಿ ಅಂದೆ ಸಾರ್. 'ಯಾರು ಅಂತ ಕಣ್ಣಾರೆ ನೋಡದೆ ಯಾರ ಹೆಸರು ಹೇಳಲಿ? ನಾನು ಊರಲ್ಲಿಲ್ಲ ಅಂತ ಅವರು ನಂಬಬೇಕು, ಆಗ ಬರ್ತಾರೆ' ಅಂದ್ರು. ಊರೆಲ್ಲಾ ನಂಬುತ್ತೆ, ಮೇಷ್ಟ್ರು ಒಬ್ಬರು ನಂಬಲ್ಲ, ಸಿಡಿಮಿಡಿ ಅಂತ ಬಂದೇ ಬರ್ತಾರೆ ಅಂತಾನೂ ಅಂದ್ರು. ಆದ್ರೆ ನೀವು ಬರಲೇ ಇಲ್ಲ!"

ಹೇಗೆ ಬರಲಿ? ಮೊನ್ನೆಮೊನ್ನೆಯವರೆಗೂ ಕಣ್ಣಿನ ಪೊರೆ ತೆಗೆಸಿಕೊಂಡು ಅರಸೀಕೆರೆಯ ಮನೆಯಲ್ಲಿ ಹಸಿರು ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ಫೋನು ಮುಟ್ಟಲೂ ಸೊಸೆ ಬಿಡುತ್ತಿರಲಿಲ್ಲ. ನೋಡಿ, ಆ ಹುಡುಗ ಬೇಕೆಂದೇ ತಪ್ಪು ಮಾತನ್ನು ಆರಿಸಿದ್ದಾನೆ. ಫ್ರೆಂಚ್ ಹೆಂಗಸಿನ ಬಾಯಿಗೆ ಹೊಂದದ ಮಾತು. ನನ್ನ ಕಿವಿಗೆ ಬಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಕಟಕ್ ಅನ್ನಬೇಕು, ಅದಕ್ಕೆ.

"ನನಗೊಂದು ಮಾತು ಹೇಳಬಹುದಿತ್ತಲ್ಲ ಮಾಲಿನಿ," ಎಂದಳು ಸ್ವಾತಿ. ಬೈಗುಳವಿಲ್ಲ, ಅಷ್ಟೇ ಕೇಳಿದಳು. "ಇಷ್ಟು ದಿನ ನಾನು ಹೇಗಿದ್ದೆ ಅಂತ ನೋಡಿದೀಯಲ್ಲ."

"ಹೇಗೆ ಹೇಳಲಿ ಅಕ್ಕಾ? ಮೇಷ್ಟ್ರಿಗೆ ಅಂತ ಅವರು ಇನ್ನೊಂದು ಮಾತೂ ಹೇಳಿದ್ರು. ಅದನ್ನ ನಿಮ್ಮ ಮುಂದೆ ಆಡೋಕೆ ನನಗೆ ಬಾಯಿ ಬರಲಿಲ್ಲ."

"ಯಾವ ಮಾತು?"

ಮಾಲಿನಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

"ಸಿಟ್ಟಲ್ಲಿದೀನಿ ಅಂತ ಹೇಳು ಅಂದ್ರು."

ಸ್ವಾತಿಯ ಮುಖದಲ್ಲಿದ್ದ ಬೆಳಕು ಆರಿಹೋಯಿತು. ಹಾಗೇ ಬೆಂಚಿನ ಮೇಲೆ ಕುಳಿತಳು. ಭಾನುವಾರ ಸಂಜೆಯ ಜಗಳ ಆ ಕಲ್ಲಿನದೇ. ಹೊತ್ತು ಮುಳುಗಿದ ಮೇಲೂ ಹೊಲದ ಕಡೆಗೇ ಓಡುತ್ತಿದ್ದ ಗಂಡನಿಗೆ ಇವಳು, "ಹೋಗಿ, ಆ ಕಲ್ಲನ್ನೇ ಕಟ್ಕೊಳ್ಳಿ" ಎಂದಿದ್ದಳು. ಅವನು ಮರುಮಾತಾಡದೆ ಉಂಡು ಮಲಗಿದ್ದ. ಬೆಳಿಗ್ಗೆ ಹಾಸಿಗೆ ಖಾಲಿ.

"ಕೇಳ್ದೇನವ್ವ?" ಕಲ್ಲೇಶಪ್ಪನವರ ಗಂಟಲು ಮತ್ತೆ ಏರಿತು. "ಸಿಟ್ಟಂತೆ! ಹೆಂಡ್ತಿ ಒಂದು ಮಾತಂದಿದ್ದಕ್ಕೆ ಮನೆ ಬಿಟ್ಟು ಹೋಗೋ ಗಂಡಸು ಗಂಡಸೇನವ್ವ? ನಡಿ, ಕಾರು ಹತ್ತು!"

ನನಗೆ ಮಾತ್ರ ಒಳಗೆ ಏನೋ ತುರಿಸಿತು. ನನಗೆ ಹೇಳಿ ಕಳಿಸಬೇಕಾದ ಮಾತು ಹೆಂಡತಿಯ ಮೇಲಿನ ಸಿಟ್ಟು ಯಾಕಾಗಬೇಕು?

"ತಡೀರಿ ಸ್ವಾಮಿ. ಮಾಲಿನಿ, ಅವನ ಬಾಯಲ್ಲಿ ಬಂದದ್ದು ಹಾಗೇ ಬರಲಿ. ನಿನ್ನ ಕನ್ನಡ ಬೇಡ ಅಂತ ಆಗಲೇ ಅಂದೆ."

"ಅದೇ ಸಾರ್. 'ಮೇಷ್ಟ್ರು ಎಲ್ಲಿದಾನೆ ಅಂತ ಕೇಳಿದ್ರೆ, ಇನ್ ಸಿಟ್ಟು ಅನ್ನು' ಅಂದ್ರು."

"ಇನ್?"

"ಇನ್ ಅಂದ್ರೆ ಒಳಗೆ. ಸಿಟ್ಟಿನ ಒಳಗೆ. ಸಿಟ್ಟಲ್ಲಿ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ನಮ್ಮ ಹುಡುಗರೆಲ್ಲ ಹಾಗೇ ತಾನೇ ಮಾತಾಡೋದು?"

ನನಗೆ ನಗು ಬಂದದ್ದು ಹೊಟ್ಟೆಯ ತಳದಿಂದ. ಪೊರೆ ತೆಗೆಸಿಕೊಂಡ ಕಣ್ಣಿನಲ್ಲಿ ನೀರು ಬರಬಾರದೆಂದು ಡಾಕ್ಟರು ಹೇಳಿದ್ದರು. ಬಂತು.

"ಅಯ್ಯೋ ನನ್ನ ಶಿಷ್ಯೆ! ಸಿಟ್ಟಲ್ಲ ಕಣೇ, ಸಿಟು! ಇನ್ ಸಿಟು! ಲ್ಯಾಟಿನ್ ಮಾತು ಅದು!"

"ಲ್ಯಾಟಿನ್ನಾ?"

"ಇದ್ದ ಜಾಗದಲ್ಲೇ ಅಂತ ಅರ್ಥ. ಹಳೇ ಕಲ್ಲು, ಹಳೇ ಗುಡಿ ಅಗೆಯೋರ ಬಾಯಲ್ಲಿ ಸದಾ ಇರೋ ಮಾತು. ಸಿಕ್ಕಿದ ವಸ್ತುವನ್ನ ಕದಲಿಸಬಾರದು, ಎಲ್ಲಿ ಸಿಕ್ತೋ ಅಲ್ಲೇ, ಹಾಗೇ ಇರಬೇಕು. ಮದಾಮ್ ಬಾಯಲ್ಲಿ ಕೇಳಿ ಕಲಿತಿದಾನೆ. ಸ್ವಾತಿ, ಏಳು ತಾಯಿ. ನಿನ್ನ ಗಂಡ ಎಲ್ಲಿಗೂ ಹೋಗಿಲ್ಲ. ಕಲ್ಲು ಇದ್ದಲ್ಲೇ ಇದೆ, ಇವನೂ ಅದರ ಪಕ್ಕದಲ್ಲೇ ಇದಾನೆ. ಕಂಬಳಿ ಹೊದ್ಕೊಂಡು, ಬನ್ನು ತಿನ್ಕೊಂಡು!"

ಅವಳು ಬೆಂಚಿನಿಂದ ಎದ್ದಳು. "ಅಂದ್ರೆ ನನ್ನ ಮೇಲೆ ಸಿಟ್ಟಿಲ್ವಾ?"

"ನಿನ್ನ ಸುದ್ದಿನೇ ಇಲ್ಲ ಅದರಲ್ಲಿ."

ಆಗ ನಕ್ಕಳು ನೋಡಿ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೂಗು ಒರೆಸಿಕೊಂಡು, ಮತ್ತೆ ನಕ್ಕಳು. "ನಾನು ಕಲ್ಲನ್ನೇ ಕಟ್ಕೊಳ್ಳಿ ಅಂದೆ, ಇವರು ಹೋಗಿ ಕಲ್ಲಿನ ಪಕ್ಕ ಸಂಸಾರ ಹೂಡಿದಾರೆ! ದ್ಯಾವಮ್ಮನ ಹೊಲದಲ್ಲಿ ಕಾವಲಿನ ಗುಡಿಸಲಿದೆ ಮೇಷ್ಟ್ರೇ. ಅಲ್ಲೇ ಇರ್ತಾರೆ. ಬನ್ನು ಎಷ್ಟು ದಿನ ಬರುತ್ತೆ? ಮೊದಲು ಊಟ ಕಟ್ಟಿಸ್ಕೋಬೇಕು."

ಇಂದ್ರೇಶನಿಗೆ ಫೋನ್ ಹಚ್ಚಿದೆ. ಮಾಲಿನಿಯೇ ಮಾತಾಡಿದಳು, ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡಳು. ಅವನು ಅವಳಿಗೆ ಏನು ಬೈದನೋ ಗೊತ್ತಿಲ್ಲ, ನನ್ನ ಹತ್ತಿರ ಇಷ್ಟೇ ಅಂದ: "ಹೇಳಿಕೆ ಬಿತ್ತು ಮೇಷ್ಟ್ರೇ. ಹೊರಟೆ. ಹಳೇಬೀಡಿಗೆ ಬನ್ನಿ."

ಕಲ್ಲೇಶಪ್ಪನವರು ಆಗಲೇ ಬಾಗಿಲ ಹತ್ತಿರ ಕಾರಿನ ಕೀಲಿ ತಿರುಗಿಸುತ್ತ ನಿಂತಿದ್ದರು. ಮುಖದಲ್ಲಿ ಗಡಸು, ದನಿಯಲ್ಲಿ ಮಾತ್ರ ಬೇರೇನೋ.

"ನಾನು ಅವತ್ತೇ ಅಂದಿರ್ಲಿಲ್ವೇನವ್ವ, ನಮ್ಮ ಅಳಿಯ ಅಂಥೋನಲ್ಲ ಅಂತ?"

"ಯಾವತ್ತು ಅಪ್ಪಾಜಿ?"

"ಹತ್ತು ಹತ್ತು, ಹೊತ್ತಾಗ್ತೈತೆ. ದಾರೀಲಿ ಇಡ್ಲಿ ಕಟ್ಟಿಸ್ತೀನಿ. ಬನ್ನಂತೆ, ಬನ್ನು!"

ನಾವು ಮೆಟ್ಟಿಲು ಇಳಿಯುತ್ತಿದ್ದೆವು. ಮಾಲಿನಿ ಹಿಂದಿನಿಂದ ಕೂಗಿದಳು.

"ಸಾರ್, ಹಾಗಾದ್ರೆ ನೀವು ಕಳಿಸಿದವರು ಆಗಲೇ ಅಲ್ಲಿಗೆ ಮುಟ್ಟಿರ್ತಾರೆ ಬಿಡಿ."

ನಾನು ಕಂಬಿ ಹಿಡಿದು ನಿಂತೆ. "ಯಾರಮ್ಮ, ನಾನು ಕಳಿಸಿದವರು?"

"ನೀವು ಬರೋಕೆ ಸ್ವಲ್ಪ ಮುಂಚೆ ಒಬ್ಬರು ಬಂದಿದ್ರಲ್ಲ ಸಾರ್. 'ಮೇಷ್ಟ್ರಿಗೆ ಕಣ್ಣು ಆಪರೇಷನ್, ಬರೋಕಾಗಲ್ಲ, ಇಂದುಧರ ಏನು ಹೇಳಿ ಹೋದ ಅಂತ ಕೇಳ್ಕೊಂಡು ಬಾ ಅಂದ್ರು' ಅಂದ್ರು. ನೀವು ಬಾಗಿಲಿಗೆ ಬಂದಾಗ ನನಗೆ ಆಶ್ಚರ್ಯ ಆಯ್ತು, ಎಲ್ಲರ ಮುಂದೆ ಕೇಳೋಕಾಗಲಿಲ್ಲ. ಅವರು ತಲುಪಿಸಿರಲ್ಲ, ಅದಕ್ಕೇ ಸಿಟ್ಟಲ್ಲಿ ಬಂದಿದೀರಿ ಅಂದ್ಕೊಂಡೆ."

"ನೀನು ಹೇಳಿದ್ಯಾ?"

"ಇನ್ ಸಿಟ್ಟು ಅಂದೆ. ಅವರು ನಕ್ಕುಬಿಟ್ರು. 'ಸಿಟ್ಟಲ್ಲಮ್ಮ, ಸಿಟು' ಅಂದು ಗಾಡಿ ತಿರುಗಿಸ್ಕೊಂಡು ಹೊರಟ್ರು. ಥೇಟ್ ನಿಮ್ಮ ಥರಾನೇ ತಿದ್ದಿದ್ರು ಸಾರ್, ಅದಕ್ಕೇ ನಿಮ್ಮ ಕಡೆಯೋರೇ ಅಂದ್ಕೊಂಡೆ."

"ಹೆಸರು?"

"ಕೇಳಲಿಲ್ಲ. ಗುರುತಿಗೆ ಅಂತ ಇದನ್ನ ಕೊಟ್ಟು ಹೋದ್ರು."

ಕೌಂಟರಿನ ಮೇಲೆ ಇಟ್ಟಳು. ನನ್ನ ಹಳೆಯ ಕನ್ನಡಕ. ಬಲಗಡೆಯ ಕಡ್ಡಿಗೆ ನಾನೇ ಸುತ್ತಿದ ಕಪ್ಪು ದಾರ. ಅದೇ ದಿನ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಅರಸೀಕೆರೆಯ ಮನೆಯಲ್ಲಿ, ನನ್ನ ದಿಂಬಿನ ಪಕ್ಕದಲ್ಲಿತ್ತು.

ಸ್ವಾತಿ ನನ್ನ ಕೈ ಹಿಡಿದು ಎಳೆದಳು. "ಆಮೇಲೆ ನೋಡಿ ಮೇಷ್ಟ್ರೇ, ಹತ್ತಿ! ಆ ಕಳ್ಳರಿಗೆ ಕಲ್ಲು ಬೇಕು, ನನಗೆ ನನ್ನ ಗಂಡ ಬೇಕು. ಅಪ್ಪಾಜಿ, ಇಡ್ಲಿ ಬೇಡ, ಓಡ್ಸಿ!"

ಕಲ್ಲೇಶಪ್ಪನವರು ಗೇರು ಹಾಕಿದರು. ಹಳೇಬೀಡಿನ ರಸ್ತೆಯ ಉದ್ದಕ್ಕೂ ರೈತರು ಒಕ್ಕಣೆಗೆಂದು ರಾಗಿ ತೆನೆ ಹರಡಿದ್ದರು. ಅದರ ಮೇಲೆ ಗಾಡಿಯೊಂದು ಆಗಷ್ಟೇ ಹಾದುಹೋದ ಗುರುತು, ಎರಡು ಸಾಲು, ನಮ್ಮ ಮುಂದೆ ಮುಂದೆ ಹೋಗುತ್ತಿತ್ತು.

ನನ್ನ ಗಂಟಲು ಒಣಗಿತು, ಇವತ್ತಿಗೆ ಸಾಕು. ಕೇಳಿದವರು ಇದನ್ನು ಇನ್ನೊಬ್ಬರಿಗೆ ದಾಟಿಸಿ. ಬೇಲೂರು, ಅರೇಹಳ್ಳಿ, ಅರಸೀಕೆರೆ, ಎಲ್ಲಿಯವರಾದರೂ ಸರಿ. ಆದರೆ ದಯವಿಟ್ಟು ಪೂರ್ತಿ ದಾಟಿಸಿ ಕಣ್ರಪ್ಪ, ಅರ್ಧ ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಬೇಡಿ.